ಇಬ್ಬರೇ ಶಿಕ್ಷಕರಿರುವ ಹಳ್ಳಿ ಶಾಲೆಯಲ್ಲಿ ವರ್ಷದ ಕೊನೆಯ ಕೆಲಸ ಎಲ್ಲಿಂದ ಶುರು ಮಾಡಬೇಕು?

ನಿಮ್ಮದು 1ರಿಂದ 5ನೇ ತರಗತಿಯ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆ, 28 ಮಕ್ಕಳು, ಇಬ್ಬರು ಶಿಕ್ಷಕರು, ಮುಖ್ಯಶಿಕ್ಷಕರ ಪ್ರಭಾರ ಈಗಷ್ಟೇ ನಿಮ್ಮ ಕೈಗೆ ಬಂದಿದೆ ಎಂದು ಬರೆದಿದ್ದೀರಿ. ಮಾರ್ಚ್, ಏಪ್ರಿಲ್‌ನಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಎಂಬುದು ನಿಮ್ಮ ಪ್ರಶ್ನೆ.

ಪರೀಕ್ಷೆಯಿಂದ ಶುರು ಮಾಡಬೇಡಿ, ಐದನೇ ತರಗತಿಯ ಮಕ್ಕಳ ದಾಖಲೆಯಿಂದ ಶುರು ಮಾಡಿ. ನಮ್ಮಂಥ ಶಾಲೆಗಳಲ್ಲಿ ಮಗು ಕೈತಪ್ಪುವ ಜಾಗ ಎರಡು. ಮೊದಲನೆಯದು, ಐದನೇ ತರಗತಿ ಮುಗಿಸಿ ಬೇರೆ ಊರಿನ ಶಾಲೆಗೆ ಆರನೇ ತರಗತಿಗೆ ಹೋಗುವಾಗ. ಇನ್ನೊಂದು, ಅಂಗನವಾಡಿಯಿಂದ ಒಂದನೇ ತರಗತಿಗೆ ಬರುವಾಗ. ಎರಡೂ ನಡೆಯುವುದು ಬೇಸಿಗೆ ರಜೆಯಲ್ಲಿ, ಶಾಲೆಗೆ ಬೀಗ ಬಿದ್ದು ಅಪ್ಪ ಅಮ್ಮ ಕೂಲಿಗೆಂದು ಊರು ಬಿಟ್ಟಿರುವ ಹೊತ್ತಿನಲ್ಲಿ. ಆದ್ದರಿಂದ ಇವೆರಡನ್ನು ಮಾರ್ಚ್ ಮಧ್ಯದೊಳಗೆ ಒಂದು ಹದಕ್ಕೆ ತನ್ನಿ.

ಸ್ಯಾಟ್ಸ್‌ನಿಂದ (ಮಕ್ಕಳ ವಿವರ ಇರುವ ಇಲಾಖೆಯ ಆನ್‌ಲೈನ್ ದಾಖಲೆ) ಐದನೇ ತರಗತಿಯ ಪಟ್ಟಿ ತೆಗೆದು, ದಾಖಲಾತಿ ವಹಿ ಮತ್ತು ಆಧಾರ್ ಕಾರ್ಡ್ ಪಕ್ಕದಲ್ಲಿಟ್ಟು ಸಾಲು ಸಾಲಾಗಿ ನೋಡಿ: ಕನ್ನಡದಲ್ಲಿ ಹೆಸರು, ಇಂಗ್ಲಿಷ್ ಕಾಗುಣಿತ, ಇನಿಷಿಯಲ್ ಮುಂದಿದೆಯೋ ಹಿಂದಿದೆಯೋ, ಜನ್ಮ ದಿನಾಂಕ, ತಂದೆ ತಾಯಿಯ ಹೆಸರು, ಜಾತಿ. ವಿದ್ಯಾರ್ಥಿವೇತನದ ಅರ್ಜಿ ನಿಂತುಹೋಗುವುದಕ್ಕೆ ಹೆಚ್ಚಿನ ಸಲ ಕಾರಣ ಒಂದು ಅಕ್ಷರದ ವ್ಯತ್ಯಾಸ. ದಾಖಲಾತಿ ವಹಿ ಸರಿಯಿದ್ದು ಸ್ಯಾಟ್ಸ್‌ನಲ್ಲಿ ತಪ್ಪಿದ್ದರೆ ಸ್ಯಾಟ್ಸ್ ತಿದ್ದಿಸಿ. ಆಧಾರ್ ತಪ್ಪಿದ್ದರೆ ಪೋಷಕರನ್ನು ಆಧಾರ್ ಕೇಂದ್ರಕ್ಕೆ ಕಳಿಸಿ. ಹೊಂದಲಿ ಎಂದು ವಹಿಯನ್ನೇ ತಿದ್ದಲು ಮಾತ್ರ ಹೋಗಬೇಡಿ. 5 ವರ್ಷ ತುಂಬಿದ ಮೇಲೆ ಬೆರಳಚ್ಚು ಮತ್ತು ಕಣ್ಣಿನ ಗುರುತು ಕೊಟ್ಟು ನವೀಕರಿಸದ ಆಧಾರ್ ಇರುವ ಮಕ್ಕಳು ಪ್ರತಿ ಊರಲ್ಲೂ ಸಿಗುತ್ತಾರೆ, ಅವರನ್ನೂ ಗುರುತಿಸಿಡಿ. ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆ ಅಥವಾ ಆದರ್ಶ ವಿದ್ಯಾಲಯದ ಪ್ರವೇಶ ಪರೀಕ್ಷೆ ಬರೆದವರಿದ್ದರೆ ಜಾತಿ, ಆದಾಯ ಪ್ರಮಾಣಪತ್ರದ ಮೇಲಿರುವ ಆರ್‌ಡಿ ಸಂಖ್ಯೆ ಬರೆದಿಟ್ಟುಕೊಳ್ಳಿ. ಸೀಟು ಸಿಕ್ಕ ಮೇಲೆ ನಾಡಕಚೇರಿಗೆ ಓಡುವಷ್ಟು ಸಮಯ ಇರುವುದಿಲ್ಲ.

ಟಿಸಿ ಪೋಷಕರ ಕೈಗೆ ಕೊಟ್ಟು ಸುಮ್ಮನಾದರೆ ಅದು ಟ್ರಂಕಿನಲ್ಲೇ ಉಳಿಯಬಹುದು. ಯಾವ ಮಗು ಯಾವ ಶಾಲೆಗೆ, ಬಸ್ಸಿದೆಯೇ, ನಡೆದು ಹೋಗುವುದಾದರೆ ಜೊತೆ ಯಾರು ಎಂದು ಪಟ್ಟಿ ಮಾಡಿ, ಆ ಶಾಲೆಯ ಮುಖ್ಯಶಿಕ್ಷಕರಿಗೆ ಒಂದು ಪ್ರತಿ ಕೊಡಿ. ಹೆಣ್ಣುಮಕ್ಕಳ ವಿಷಯದಲ್ಲಿ ಈ 'ಜೊತೆ ಯಾರು' ಎಂಬುದೇ ಓದು ಮುಂದುವರಿಯುತ್ತದೋ ಇಲ್ಲವೋ ಎಂದು ತೀರ್ಮಾನಿಸುತ್ತದೆ. ತಾಯಂದಿರ ಹತ್ತಿರ ಕೂತು ಮಾತಾಡಿ.

ಅಂಗನವಾಡಿಗೂ ಮಾರ್ಚ್‌ನಲ್ಲೇ ಹೋಗಿ. ಇಂಗ್ಲಿಷ್ ಮಾಧ್ಯಮದ ಶಾಲೆಯ ವ್ಯಾನು ಊರೊಳಗೆ ಬಂದು ಮುಂಗಡ ತೆಗೆದುಕೊಂಡ ಮೇಲೆ ಮೇ ತಿಂಗಳಲ್ಲಿ ನಾವು ದಾಖಲಾತಿ ಆಂದೋಲನ ಮಾಡಿ ಫಲವಿಲ್ಲ. ಕಾರ್ಯಕರ್ತೆಯ ಬಳಿ ಮಕ್ಕಳ ಜನ್ಮ ದಿನಾಂಕದ ಪಟ್ಟಿ ಇರುತ್ತದೆ. ನಿಯಮದಂತೆ ಒಂದನೇ ತರಗತಿಗೆ ಸೇರಲು ಜೂನ್ 1ಕ್ಕೆ 6 ವರ್ಷ ತುಂಬಿರಬೇಕು. 2025-26ರಲ್ಲಿ 5 ವರ್ಷ 5 ತಿಂಗಳಿಗೆ ಸಡಿಲಿಸಿದ್ದರು, ಹಾಗಾಗಿ ಆಯಾ ವರ್ಷದ ಸುತ್ತೋಲೆ ನೋಡಿಯೇ ಪೋಷಕರಿಗೆ ಮಾತು ಕೊಡಿ.

ಇನ್ನು ದುಡ್ಡಿನ ವಿಷಯ. ಮಾರ್ಚ್ 31ಕ್ಕೆ ಆರ್ಥಿಕ ವರ್ಷ ಮುಗಿಯುತ್ತದೆ, ಬಳಸದ ಅನುದಾನ ಕೈಗೆ ಸಿಗುವುದಿಲ್ಲ. 30 ಮಕ್ಕಳವರೆಗಿನ ಶಾಲೆಗೆ ಸಮಗ್ರ ಶಿಕ್ಷಣ ಯೋಜನೆಯ ಸಂಯುಕ್ತ ಅನುದಾನ ವರ್ಷಕ್ಕೆ 10,000 ರೂಪಾಯಿ, ಅದರಲ್ಲಿ ಕನಿಷ್ಠ ಶೇ. 10 ಸ್ವಚ್ಛತೆಗೆ. 31ರಿಂದ 100 ಮಕ್ಕಳಿದ್ದರೆ 25,000. ಅಂದರೆ ನಿಮಗೆ ಇನ್ನು ಮೂರೇ ಮಕ್ಕಳು ಬೇಕು! ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯ ನಡಾವಳಿ, ಬಿಲ್ಲು, ದಾಸ್ತಾನು ವಹಿಯ ಪುಟಸಂಖ್ಯೆ ಮೂರೂ ಒಂದಕ್ಕೊಂದು ತಾಳೆಯಾಗಬೇಕು. ಲೆಕ್ಕ ತಪಾಸಣೆಯಲ್ಲಿ ಆಕ್ಷೇಪಣೆ ಬೀಳುವುದು ಇಲ್ಲಿಯೇ: ಸಾಮಾನು ಬಂದಿರುತ್ತದೆ, ದಾಸ್ತಾನು ವಹಿಯಲ್ಲಿ ಏರಿರುವುದಿಲ್ಲ.

ಬಿಸಿಯೂಟದ ಬೇಡಿಕೆಯನ್ನು ಮಾರ್ಚ್‌ನಲ್ಲಿ ಇಳಿಸಿ. 1ರಿಂದ 5ನೇ ತರಗತಿಯ ಮಗುವಿಗೆ ದಿನಕ್ಕೆ ಅಕ್ಕಿ 100 ಗ್ರಾಂ, ಬೇಳೆ 20, ಎಣ್ಣೆ 5, ತರಕಾರಿ 50. 28 ಮಕ್ಕಳಿಗೆ ಅಕ್ಕಿ 2 ಕೆಜಿ 800 ಗ್ರಾಂ, ಬೇಳೆ 560 ಗ್ರಾಂ. ಕ್ಷೀರಭಾಗ್ಯದ ಹಾಲಿನ ಪುಡಿ ಮಗುವಿಗೆ 18 ಗ್ರಾಂನಂತೆ 504 ಗ್ರಾಂ. ಉಳಿದ 20 ಶಾಲಾ ದಿನಕ್ಕೆ 56 ಕೆಜಿ ಅಕ್ಕಿ ಸಾಕು, ಕೊನೆಯ ವಾರ ಹಾಜರಾತಿ ಇಳಿಯುವುದರಿಂದ ಅಷ್ಟೂ ಬೇಕಾಗುವುದಿಲ್ಲ. ಒಂದೂವರೆ ತಿಂಗಳು ಮುಚ್ಚಿದ ಕೋಣೆಯಲ್ಲಿ ಅಕ್ಕಿಗೆ ನುಸಿ ಹಿಡಿಯುತ್ತದೆ, ಪೊಟ್ಟಣ ಒಡೆದಿಟ್ಟ ಹಾಲಿನ ಪುಡಿ ಗಂಟು ಕಟ್ಟುತ್ತದೆ. ಮಿಕ್ಕಿದ್ದನ್ನು ಪಕ್ಕದ ಶಾಲೆಗೆ ವರ್ಗಾಯಿಸುವುದಾದರೆ ತಾಲ್ಲೂಕಿನ ಅಕ್ಷರ ದಾಸೋಹ (ಬಿಸಿಯೂಟ ಯೋಜನೆ) ಕಚೇರಿಗೆ ತಿಳಿಸಿ ಎರಡೂ ಕಡೆ ರಸೀದಿ ಇಡಿ. ನಿಮ್ಮ ತಾಲ್ಲೂಕು ಬರಪೀಡಿತ ಎಂದು ಘೋಷಣೆಯಾಗಿ ರಜೆಯಲ್ಲೂ ಊಟ ಕೊಡುವ ಆದೇಶ ಬಂದರೆ ಈ ಲೆಕ್ಕವೇ ಬದಲಾಗುತ್ತದೆ.

ಪರೀಕ್ಷೆ ಇವಕ್ಕಿಂತ ಸುಲಭ. ವರ್ಷದ ಕೊನೆಯ ಸಂಕಲನಾತ್ಮಕ ಪರೀಕ್ಷೆ (ಎಸ್‌ಎ-2) ಕೂರಿಸುವ ಮೊದಲು, ಅದಕ್ಕೂ ಮುಂಚಿನ ರೂಪಣಾತ್ಮಕ ಮೌಲ್ಯಮಾಪನಗಳ (ಎಫ್‌ಎ-3, ಎಫ್‌ಎ-4) ಅಂಕ ಪೂರ್ತಿ ಏರಿದೆಯೇ ನೋಡಿ. ಅದು ಖಾಲಿಯಿದ್ದರೆ ವರ್ಷದ ಫಲಿತಾಂಶ ಸಿದ್ಧವಾಗುವುದಿಲ್ಲ. ಪರೀಕ್ಷೆ ನಡೆಸಲು ನಾಲ್ಕು, ಐದನೇ ತರಗತಿಗೆ ಒಬ್ಬರು, ನಲಿ-ಕಲಿಗೆ (1ರಿಂದ 3ನೇ ತರಗತಿಯವರು ಒಟ್ಟಿಗೆ ಕಾರ್ಡುಗಳ ಮೂಲಕ ಕಲಿಯುವ ಪದ್ಧತಿ) ಒಬ್ಬರು. ಮೌಖಿಕ ಪರೀಕ್ಷೆಯನ್ನು ಬರವಣಿಗೆಯ ದಿನವೇ ಮಾಡಬೇಡಿ, ಒಂದು ಮಗು ಓದುತ್ತಿರುವಾಗ ಉಳಿದವರು ಕೇಳಿ ಬಾಯಿಪಾಠ ಒಪ್ಪಿಸಿಬಿಡುತ್ತಾರೆ.

ನಲಿ-ಕಲಿಯಲ್ಲಿ ಅಂಕಕ್ಕಿಂತ ಮುಖ್ಯವಾದದ್ದು ಮಗು ಕಲಿಕಾ ಏಣಿಯ (ಹಂತ ಹಂತವಾಗಿ ಜೋಡಿಸಿದ ಪಾಠಕ್ರಮ) ಯಾವ ಮೈಲಿಗಲ್ಲಿನಲ್ಲಿ ನಿಂತಿದೆ ಎಂಬುದು, ಏಕೆಂದರೆ ಜೂನ್‌ನಲ್ಲಿ ಅಲ್ಲಿಂದಲೇ ಮುಂದುವರಿಯಬೇಕು. ಮಕ್ಕಳು ಎಲ್ಲಿಗೆ ಮುಟ್ಟಿದ್ದಾರೆ ಎಂದು ಗುರುತು ಹಾಕುವ ಪ್ರಗತಿ ನೋಟದ ಹಾಳೆಯನ್ನು ಗೋಡೆಯ ಮೇಲೇ ಬಿಟ್ಟು ಹೋದರೆ ಮೇ ತಿಂಗಳ ಗಾಳಿಮಳೆಗೆ ಹಾಳಾಗುತ್ತದೆ. ಪ್ರತಿ ಮಗುವಿನ ಮೈಲಿಗಲ್ಲು, ಯಾವ ಒತ್ತಕ್ಷರದಲ್ಲಿ ತಡವರಿಸುತ್ತದೆ, ದಶಕ ಕೂಡಿಸುವಾಗ ಎಲ್ಲಿ ತಪ್ಪುತ್ತದೆ ಎಂದು ಎರಡೆರಡು ಸಾಲು ಬರೆದಿಡಿ. ವರ್ಗಾವಣೆಯಾಗಿ ನೀವೇ ಹೋದರೂ ಬರುವವರಿಗೆ ಇದು ಬೇಕು. ಕಾರ್ಡುಗಳನ್ನು ಮೈಲಿಗಲ್ಲಿನ ಕ್ರಮದಲ್ಲಿ ಎಣಿಸಿ, ದಾರ ಕಟ್ಟಿ, ಗೆದ್ದಲು ಮುಟ್ಟದಂತೆ ಕಬ್ಬಿಣದ ಬೀರುವಿನಲ್ಲಿಡಿ. ನೆಲದ ಮೇಲೆ ಬೇಡ.

ಸಾಮಾನ್ಯವಾಗಿ ಏಪ್ರಿಲ್ 10ರಂದು 'ಸಮುದಾಯದತ್ತ ಶಾಲೆ' ಎಂಬ ಪೋಷಕರ ಸಭೆ ನಡೆಸಿ ಫಲಿತಾಂಶ ಹೇಳುತ್ತೇವೆ. ಹನ್ನೊಂದು ಗಂಟೆಗೆ ಕರೆದರೆ ಕೂಲಿಗೆ ಹೋದವರು ಬರಲಾರರು, ಬೆಳಿಗ್ಗೆ ಎಂಟಕ್ಕೆ ಕರೆಯಿರಿ. ಪ್ರಗತಿ ಪತ್ರದ 'ಬಿ+' ಓದಿ ಹೇಳುವುದಕ್ಕಿಂತ, ಪ್ರತಿ ಮಗುವಿನಿಂದ ಒಂದು ಪ್ಯಾರಾ ಓದಿಸಿ ಅಥವಾ ಒಂದು ಲೆಕ್ಕ ಮಾಡಿಸಿ ತೋರಿಸಿ. ಅದೇ ದಿನ ಎಸ್‌ಡಿಎಂಸಿ ಸಭೆ ಸೇರಿಸಿ ಶೌಚಾಲಯ, ನೀರು, ಕಾಂಪೌಂಡಿನ ಬೇಡಿಕೆಯನ್ನು ಠರಾವು ಮಾಡಿ ಗ್ರಾಮ ಪಂಚಾಯಿತಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಬಾಯಿಮಾತಿನ ಮನವಿ ಕ್ರಿಯಾ ಯೋಜನೆಗೆ ಸೇರುವುದಿಲ್ಲ.

ಮೇ 29ರ ಸುಮಾರಿಗೆ ಶಾಲೆ ತೆರೆಯುತ್ತದೆ. ಎರಡು ದಿನ ಮೊದಲು ನೀರಿನ ಟ್ಯಾಂಕ್ ಬ್ಲೀಚಿಂಗ್ ಪೌಡರ್ ಹಾಕಿ ತೊಳೆಸಿ, ಗ್ಯಾಸ್ ಕೊಳವೆ ಇಲಿ ಕಡಿದಿದೆಯೇ ನೋಡಿಸಿ, ಹೆಂಚು ಸರಿದಿದ್ದರೆ ಮಳೆ ಹಿಡಿಯುವ ಮೊದಲೇ ಸರಿಪಡಿಸಿ. ಜೂನ್ ಎರಡನೇ ವಾರ ಸ್ಯಾಟ್ಸ್ ತೆರೆದು, ನೀವು ಟಿಸಿ ಕೊಟ್ಟ ಪ್ರತಿ ಮಗುವನ್ನೂ ಹೊಸ ಶಾಲೆ ದಾಖಲಿಸಿಕೊಂಡಿದೆಯೇ ಪರಿಶೀಲಿಸಿ. ಯಾರ ಹೆಸರು ಬಾಕಿ ತೋರಿಸುತ್ತದೋ, ಅಂದು ಸಂಜೆಯೇ ಅವರ ಮನೆಗೆ ಹೋಗಿ.