ಓಡಲು ಶುರು ಮಾಡಬೇಕು, 14,000ದ ಶೂ ಕೊಳ್ಳಲೇಬೇಕಾ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ವಯಸ್ಸು 41, ಬೆಂಗಳೂರಿನಲ್ಲಿ ಕೂತು ಮಾಡುವ ಕೆಲಸ, ಕಾಲೇಜು ಬಿಟ್ಟ ಮೇಲೆ ಬಸ್ಸು ಹಿಡಿಯುವುದಕ್ಕೆ ಬಿಟ್ಟರೆ ಓಡಿದವರಲ್ಲ. ಈಗ ಓಡಬೇಕು ಅನಿಸಿದೆ. ಅಂಗಡಿಗೆ ಹೋದರೆ ಮೆಷೀನ್ ಮೇಲೆ ನಿಲ್ಲಿಸಿ, "ಸಾರ್, ನಿಮ್ಮದು ಚಪ್ಪಟೆ ಪಾದ, ಮಾಮೂಲಿ ಶೂ ಆಗಲ್ಲ" ಎಂದು 14,000 ರೂಪಾಯಿಯ ಜೋಡಿ ಮುಂದಿಟ್ಟರು. ತಗೊಳ್ಳಬೇಕಾ?

ಬೇಡ. ಸದ್ಯಕ್ಕಂತೂ ಬೇಡ.

ನಾನು ಮೈಸೂರಿನವನು. ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಸುತ್ತ ಓಡುವವರಲ್ಲಿ ಒಬ್ಬ. ಪದಕ ಗೆಲ್ಲುವವರ ಪೈಕಿ ಅಲ್ಲ, ಓಡಿ ಬಂದು ಎರಡು ಇಡ್ಲಿ ಜಾಸ್ತಿ ತಿನ್ನುವವರ ಪೈಕಿ. ಹೊಸಬರನ್ನು ಅಂಗಡಿಗೆ ಕರೆದುಕೊಂಡು ಹೋಗುವ ಕೆಲಸ ಹೇಗೋ ನನ್ನ ತಲೆಗೆ ಬಿದ್ದಿದೆ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೊದಲು ಆ ಮೆಷೀನ್ ವಿಷಯ. ಪಾದದ ಕಮಾನು, ಅಂದರೆ ಅಂಗಾಲಿನ ಒಳಬದಿಯ ಬಾಗು, ನೋಡಿ ಶೂ ಆರಿಸಬೇಕು ಅನ್ನುವ ಮಾತು ತುಂಬಾ ಹಳೆಯದು. ಅಮೆರಿಕದ ಭೂಸೇನೆ, ವಾಯುಪಡೆ, ಮರೀನ್ ಪಡೆ ಮೂರರಲ್ಲೂ ಹೊಸದಾಗಿ ಸೇರಿದವರ ಮೇಲೆ ಇದನ್ನು ಪರೀಕ್ಷೆ ಮಾಡಿದ್ದಾರೆ. ಒಂದು ಗುಂಪಿಗೆ ಪಾದದ ಆಕಾರಕ್ಕೆ ತಕ್ಕ ಶೂ, ಇನ್ನೊಂದು ಗುಂಪಿಗೆ ಪಾದ ಹೇಗೇ ಇರಲಿ ಒಂದೇ ಬಗೆಯ ಶೂ. 2009-10ರ ಸುಮಾರಿಗೆ ಫಲಿತಾಂಶ ಹೊರಬಂತು. ಗಾಯ, ನೋವಿನ ಲೆಕ್ಕದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವೇ ಕಾಣಲಿಲ್ಲ. ಪಾದ ಮತ್ತು ಶೂಗಳ ಮೇಲೆ ದಶಕಗಟ್ಟಲೆ ಕೆಲಸ ಮಾಡಿದ ಕೆನಡಾದ ಬೆನ್ನೋ ನಿಗ್ ಮತ್ತು ಜೊತೆಗಾರರು 2015ರಲ್ಲಿ ಬರೆದ ಲೇಖನದ ಸಾರವೂ ಸರಳ: ಹಾಕಿಕೊಂಡಾಗ ಯಾವುದು ಹಾಯಾಗಿದೆಯೋ ಅದನ್ನೇ ಆರಿಸಿ. ನಿಮ್ಮ ಪಾದ ಚಪ್ಪಟೆ ಇರಬಹುದು. ಆದರೆ ಇಷ್ಟು ವರ್ಷ ಅದರಿಂದ ನೋವಿಲ್ಲ ಅಂದರೆ ಅದು ಕಾಯಿಲೆ ಅಲ್ಲ. ಈಗಾಗಲೇ ಹಿಮ್ಮಡಿ, ಮೊಣಕಾಲು ನೋಯುತ್ತಿದ್ದರೆ ಮಾತು ಬೇರೆ. ಆಗ ತೋರಿಸಬೇಕಾದ್ದು ಮೂಳೆ ಡಾಕ್ಟರಿಗೆ, ಶೂ ಅಂಗಡಿಗಲ್ಲ.

ನನ್ನನ್ನು ಕೇಳಿದರೆ ನಮ್ಮವರ ನಿಜವಾದ ತೊಂದರೆ ಕಮಾನಲ್ಲ, ಅಗಲ. ಚಿಕ್ಕಂದಿನಿಂದ ಬರಿಗಾಲಲ್ಲಿ, ಹವಾಯಿ ಚಪ್ಪಲಿಯಲ್ಲಿ ಓಡಾಡಿದ ಪಾದ ಬೆರಳುಗಳ ಹತ್ತಿರ ಹರಡಿಕೊಂಡಿರುತ್ತದೆ. ಅಂಗಡಿಯಲ್ಲಿ ಸಿಗುವ ಬಹುಪಾಲು ಶೂಗಳು ಅಲ್ಲೇ ಕಿರಿದು. ಆಗ ಜನ ಏನು ಮಾಡುತ್ತಾರೆ? ಒಂದು ನಂಬರ್ ದೊಡ್ಡದು ತಗೊಳ್ಳುತ್ತಾರೆ. ಬೆರಳಿಗೆ ಜಾಗ ಸಿಗುತ್ತದೆ, ಹಿಮ್ಮಡಿ ಪ್ರತಿ ಹೆಜ್ಜೆಗೂ ಒಳಗೆ ಜಾರುತ್ತದೆ, ವಾರದೊಳಗೆ ಬೊಬ್ಬೆ. ಅದರ ಬದಲು ಅಗಲದ ಅಳತೆ ಕೇಳಿ. ಗಂಡಸರ ಶೂನಲ್ಲಿ ಮಾಮೂಲಿ ಅಗಲಕ್ಕೆ 'ಡಿ' ಅನ್ನುತ್ತಾರೆ, ಅದಕ್ಕಿಂತ ಅಗಲ '2ಇ', ಇನ್ನೂ ಅಗಲ '4ಇ'. ನ್ಯೂ ಬ್ಯಾಲೆನ್ಸ್, ಏಸಿಕ್ಸ್, ಬ್ರೂಕ್ಸ್‌ನವರು ಕೆಲವು ಮಾದರಿಗಳನ್ನು ಅಗಲದಲ್ಲೂ ಮಾಡುತ್ತಾರೆ. ಅಂಗಡಿಯಲ್ಲಿ ಕೇಳಿದರೆ ಎಷ್ಟೋ ಸಲ ಹುಡುಗರು ಮುಖ ಮುಖ ನೋಡುತ್ತಾರೆ. ಬಿಡಬೇಡಿ, ಇನ್ನೊಮ್ಮೆ ಕೇಳಿ.

ಅಂಗಡಿಗೆ ಸಂಜೆ ಹೋಗಿ. ದಿನವಿಡೀ ನಡೆದಾಡಿದ ಪಾದ ಸ್ವಲ್ಪ ಊದಿಕೊಂಡಿರುತ್ತದೆ, ಓಡುವಾಗಲೂ ಹಾಗೇ ಊದುತ್ತದೆ. ಓಡಲು ಹಾಕುವ ಸಾಕ್ಸ್ ಜೇಬಲ್ಲಿ ಇಟ್ಟುಕೊಂಡು ಹೋಗಿ. ಶೂ ಒಳಗಿನ ತೆಳು ಹಾಸನ್ನು ಎಳೆದು ತೆಗೆಯಿರಿ, ಅದು ಸುಮ್ನೆ ಇಟ್ಟಿರುತ್ತದೆ, ಕೈಗೆ ಬರುತ್ತದೆ. ಅದನ್ನು ನೆಲದ ಮೇಲಿಟ್ಟು ಅದರ ಮೇಲೆ ಭಾರ ಹಾಕಿ ನಿಲ್ಲಿ. ಕಿರುಬೆರಳು ಹಾಸಿನ ಅಂಚಿನಿಂದ ಆಚೆ ಇಣುಕಿದರೆ ಆ ಶೂ ನಿಮ್ಮದಲ್ಲ. ಅಲ್ಲಿಗೆ ಮುಗಿಯಿತು. ಬಣ್ಣ ಎಷ್ಟೇ ಚೆನ್ನಾಗಿದ್ದರೂ, ರಿಯಾಯಿತಿ ಎಷ್ಟೇ ಇದ್ದರೂ ವಾಪಸ್ ಕೊಡಿ. ಅಂಚಿನೊಳಗೇ ಇದೆಯಾ? ಹಾಸನ್ನು ಒಳಗೆ ಹಾಕಿ, ಎರಡೂ ಕಾಲಿಗೂ ಶೂ ಹಾಕಿಕೊಂಡು ನಿಲ್ಲಿ. ಉದ್ದವಾದ ಬೆರಳಿನ ಮುಂದೆ ಒಂದು ಹೆಬ್ಬೆರಳಿನ ಅಗಲದಷ್ಟು ಜಾಗ ಬೇಕು. ಎಡ, ಬಲ ಪಾದಗಳು ಒಂದೇ ಅಳತೆ ಇರುವುದು ಅಪರೂಪ, ದೊಡ್ಡದಕ್ಕೆ ತಕ್ಕಂತೆ ತಗೊಳ್ಳಿ. ಆಮೇಲೆ ಅಂಗಡಿಯೊಳಗೇ ಓಡಿ. ನಾಚಿಕೆ ಬೇಡ. ಕೂತು, ಎದ್ದು, ಕನ್ನಡಿ ಮುಂದೆ ನಿಂತು ನೋಡಿದರೆ ಏನೂ ಗೊತ್ತಾಗಲ್ಲ. 'ಹಾಕ್ತಾ ಹಾಕ್ತಾ ಸಡಿಲ ಆಗುತ್ತೆ ಸಾರ್' ಅಂದರೆ ನಂಬಬೇಡಿ. ಅದು ಚರ್ಮದ ಮೆಟ್ಟಿನ ಮಾತು. ಓಟದ ಶೂ ಮೊದಲ ದಿನವೇ ಹಿಡಿಸಬೇಕು.

ಇನ್ನೊಂದು. ಶೂನ ನಾಲಿಗೆಯ (ಲೇಸಿನ ಕೆಳಗಿರುವ ಪಟ್ಟಿ) ಒಳಬದಿಯಲ್ಲಿ ಲೇಬಲ್ ಇರುತ್ತದೆ ಅಲ್ವಾ, ಅಲ್ಲಿ ಯುಕೆ ನಂಬರ್ ಜೊತೆಗೆ ಸೆಂಟಿಮೀಟರ್ ಅಳತೆಯೂ ಇರುತ್ತದೆ. ಅದನ್ನು ನೋಡಿ. ಗಂಡಸರ ಯುಕೆ 8 ಅಂದರೆ ಅಡಿಡಾಸ್‌ನಲ್ಲಿ 26.5, ನೈಕಿಯಲ್ಲಿ 27, ಏಸಿಕ್ಸ್‌ನಲ್ಲಿ 27.5. 'ನಂದು ಎಂಟು' ಎಂದು ಆನ್‌ಲೈನ್‌ನಲ್ಲಿ ಕಣ್ಣುಮುಚ್ಚಿ ತರಿಸಿದವರ ಗೋಳು ಶುರುವಾಗುವುದು ಇಲ್ಲೇ.

ದುಡ್ಡಿನ ಮಾತು. ಡೆಕಾತ್ಲಾನ್‌ನಂಥ ಕಡೆ ಎರಡು ಮೂರು ಸಾವಿರಕ್ಕೂ ಶುರು ಮಾಡಲು ಸಾಕಾಗುವ ಶೂ ಸಿಗುತ್ತದೆ. ದೊಡ್ಡ ಬ್ರ್ಯಾಂಡೇ ಬೇಕು ಅಂದರೆ ಹಿಂದಿನ ವರ್ಷದ ಮಾದರಿ ಹುಡುಕಿ. ಹೊಸದು ಬಂದ ತಕ್ಷಣ ಹಳೆಯದರ ಬೆಲೆ ಇಳಿಸುತ್ತಾರೆ, ಎರಡರ ನಡುವಿನ ವ್ಯತ್ಯಾಸ ಹೆಚ್ಚಾಗಿ ಸಣ್ಣದೇ. ಅಡಿಭಾಗದೊಳಗೆ ಕಾರ್ಬನ್ ಪ್ಲೇಟ್ (ಗಟ್ಟಿ ತೆಳು ಹಾಳೆ) ಇರುವ ಶೂಗಳು ರೇಸ್ ಓಡುವವರಿಗೆ, ನಿಮಗೆ ಈಗ ಅದರಿಂದ ಏನೂ ಉಪಯೋಗವಿಲ್ಲ. ಕ್ಯಾನ್ವಾಸ್ ಶೂ, ಕ್ರಿಕೆಟ್ ಶೂ, ಮಗನ ಹಳೇ ಶೂ, ಇವು ಮಾತ್ರ ಬೇಡ. ಶೂ ಅಂದಕೂಡಲೇ ಯಾರಾದರೂ ಅಬೆಬೆ ಬಿಕಿಲನ ಹೆಸರು ಎತ್ತುತ್ತಾರೆ. 1960ರ ರೋಮ್ ಒಲಿಂಪಿಕ್ಸ್ ಮ್ಯಾರಥಾನನ್ನು ಬರಿಗಾಲಲ್ಲಿ ಓಡಿ ಗೆದ್ದ ಇಥಿಯೋಪಿಯಾದವನು. ಅಲ್ಲಿ ಸಿಕ್ಕ ಶೂ ಕಾಲಿಗೆ ಸರಿಹೋಗಲಿಲ್ಲ, ಅದಕ್ಕೇ ಬಿಚ್ಚಿಟ್ಟ. 1964ರಲ್ಲಿ ಟೋಕಿಯೋದಲ್ಲಿ ಶೂ ಹಾಕಿಕೊಂಡೇ ಗೆದ್ದ.

ಇನ್ನು ಓಟ. ಇದನ್ನು ಬೇಗ ಹೇಳಿ ಮುಗಿಸಬಹುದು, ಮಾಡುವುದೇ ಕಷ್ಟ. ನಿಧಾನ ಓಡಿ. ಪಕ್ಕದವರ ಜೊತೆ ಪೂರ್ತಿ ವಾಕ್ಯ ಮಾತಾಡಲು ಆಗುವಷ್ಟು ನಿಧಾನ. ತೇಕುತ್ತಿದ್ದರೆ ವೇಗ ಜಾಸ್ತಿಯಾಯಿತು ಅಂತ ಅರ್ಥ. ಜೋರಾಗಿ ನಡೆಯುವ ಅಜ್ಜ ನಿಮ್ಮನ್ನು ದಾಟಿಕೊಂಡು ಹೋಗಬಹುದು, ಹೋಗಲಿ ಬಿಡಿ. 'ಕೌಚ್ ಟು 5ಕೆ' (ಸೋಫಾದಿಂದ ಐದು ಕಿಲೋಮೀಟರ್ ಓಟಕ್ಕೆ) ಅನ್ನುವ ಪುಕ್ಕಟೆ ಯೋಜನೆ ಇದೆ, 1996ರಲ್ಲಿ ಅಮೆರಿಕದ ಜಾಶ್ ಕ್ಲಾರ್ಕ್ ಮಾಡಿದ್ದು. ಒಂಬತ್ತು ವಾರ, ವಾರಕ್ಕೆ ಮೂರೇ ದಿನ. ಮೊದಲ ವಾರ ಐದು ನಿಮಿಷ ಚುರುಕಾಗಿ ನಡೆದು, ಆಮೇಲೆ 60 ಸೆಕೆಂಡ್ ಓಟ, 90 ಸೆಕೆಂಡ್ ನಡಿಗೆ, ಹೀಗೆ 20 ನಿಮಿಷ. ಇಷ್ಟೇನಾ ಅನಿಸುತ್ತದೆ. ಇಷ್ಟೇ. ಎದೆ, ಉಸಿರು ಕೆಲವೇ ವಾರದಲ್ಲಿ ಪಳಗುತ್ತವೆ, ಮೂಳೆ ಮತ್ತು ಸ್ನಾಯುರಜ್ಜುಗಳಿಗೆ ತಿಂಗಳುಗಳು ಬೇಕು. ಹೊಸಬರಿಗೆ ಮೊಣಕಾಲಿನ ಕೆಳಗೆ ಮುಂದಿನ ಮೂಳೆಯುದ್ದಕ್ಕೂ ನೋವು ಬರುವುದು ಬಹಳಷ್ಟು ಸಲ ಈ ಅಂತರದಿಂದಲೇ. ದಮ್ಮಿದೆ ಎಂದು ದಿನಾ ಓಡುತ್ತಾರೆ, ಕಾಲು ಇನ್ನೂ ತಯಾರಿರುವುದಿಲ್ಲ. ಅಂಥ ನೋವನ್ನು ಯಾವ 14,000ದ ಶೂ ಕೂಡ ತಡೆಯಲ್ಲ. ಬಿಪಿ, ಶುಗರ್, ಎದೆನೋವಿನ ಇತಿಹಾಸ ಇದ್ದರೆ ಶುರು ಮಾಡುವ ಮುಂಚೆ ಡಾಕ್ಟರನ್ನು ಒಮ್ಮೆ ಕೇಳಿ.

ಜಾಗಕ್ಕೆ ಬೆಂಗಳೂರಿನಲ್ಲಿ ಬರವಿಲ್ಲ. ಬೆಳಗಿನ ಹೊತ್ತು ಕಬ್ಬನ್ ಪಾರ್ಕ್ ಒಳಗಿನ ರಸ್ತೆಗಳಲ್ಲಿ ವಾಹನ ಬಿಡುವುದಿಲ್ಲ. ಲಾಲ್‌ಬಾಗ್ ಇದೆ, ಸುಮಾರು ಕೆರೆಗಳ ಸುತ್ತ ದಾರಿ ಇದೆ. ಫುಟ್‌ಪಾತ್ ಮೇಲೆ ಮಾತ್ರ ಓಡಬೇಡಿ. ಕಿತ್ತ ಚಪ್ಪಡಿ ಕಲ್ಲಿಗೆ ಉಳುಕಿದ ಕಾಲುಗಳನ್ನು ಬೇಕಾದಷ್ಟು ನೋಡಿದ್ದೇನೆ. ಗೆಳೆಯರು ಬೆಂಗಳೂರಿನ ಹತ್ತು ಕಿಲೋಮೀಟರ್ ಓಟವಾದ 'ವಿಶ್ವ 10ಕೆ'ಗೆ (ವರ್ಲ್ಡ್ 10ಕೆ) ಹೆಸರು ಕೊಡು ಎಂದು ಹಿಂದೆ ಬೀಳಬಹುದು. 2008ರಿಂದ ನಡೆಯುತ್ತಿದೆ, ಈಚೆಗೆ ಏಪ್ರಿಲ್ ಕೊನೆಗೆ ಬರುತ್ತಿದೆ. ಒಳ್ಳೆಯ ಓಟವೇ, ಆದರೆ ಐದು ಕಿಲೋಮೀಟರ್ ನಿಲ್ಲದೆ ಓಡುವಂತಾದ ಮೇಲೆ ಯೋಚಿಸಿ.

ಶೂ ತಂದ ಮೇಲೆ ಒಂದು ಕೆಲಸ. ಮೇಲ್ತುದಿಯಲ್ಲಿ, ಕಣಕಾಲಿನ ಹತ್ತಿರ, ಒಂದು ತೂತು ಖಾಲಿ ಬಿಟ್ಟಿರುತ್ತಾರೆ. ಅದು ಅಂದಕ್ಕಲ್ಲ. ಲೇಸನ್ನು ಹೊರಗಿನಿಂದ ಆ ತೂತಿಗೆ ತೂರಿಸಿ ಅದೇ ಬದಿಯಲ್ಲಿ ಸಣ್ಣ ಕುಣಿಕೆ ಮಾಡಿ. ಎರಡೂ ಬದಿ ಆದ ಮೇಲೆ ಬಲದ ಲೇಸನ್ನು ಎಡದ ಕುಣಿಕೆಗೆ, ಎಡದ್ದನ್ನು ಬಲದ ಕುಣಿಕೆಗೆ ದಾಟಿಸಿ, ಕೆಳಮುಖವಾಗಿ ಎಳೆದು ಕಟ್ಟಿ. ಹಿಮ್ಮಡಿ ಕದಲುವುದಿಲ್ಲ, ಮುಂದೆ ಬೆರಳುಗಳು ಸಡಿಲವಾಗಿಯೇ ಇರುತ್ತವೆ. ಸಾಕ್ಸ್ ಹತ್ತಿಯದು ಬೇಡ, ಬೆವರು ಹೀರಿ ಒದ್ದೆಯಾಗಿ ಚರ್ಮ ಉಜ್ಜುತ್ತದೆ. ಮಳೆಯಲ್ಲಿ ನೆನೆದರೆ ಶೂ ಒಳಗೆ ಹಳೇ ಪೇಪರ್ ತುರುಕಿ ನೆರಳಲ್ಲಿ ಒಣಗಿಸಿ, ವಾಷಿಂಗ್ ಮೆಷೀನಿಗೆ ಹಾಕಬೇಡಿ. ಒಂದು ಜೋಡಿ ಸುಮಾರು 500ರಿಂದ 800 ಕಿಲೋಮೀಟರ್ ಬರುತ್ತದೆ. ನಿಮ್ಮ ಈಗಿನ ಲೆಕ್ಕದಲ್ಲಿ ವರ್ಷ ದಾಟುತ್ತದೆ. ಆಫೀಸಿಗೆ, ಮಾರ್ಕೆಟ್ಟಿಗೆ ಅದನ್ನೇ ಹಾಕಿಕೊಂಡು ಹೋದರೆ ಅಷ್ಟು ಬರಲ್ಲ.

ಅಂಗಡಿಗೆ ಹೋಗಿ ಎರಡು ಮೂರು ಜೋಡಿ ಹಾಕಿ ನೋಡಿದ ಮೇಲೆ ಯಾವುದು ಎಲ್ಲಿ ಒತ್ತಿತು ಅಂತ ಇಲ್ಲೇ ಕೆಳಗೆ ಬರೆಯಿರಿ, ನೋಡೋಣ.