ಜರ್ಮನಿನಾ ಅಮೆರಿಕಾನಾ? ಮೊದ್ಲು ಸಿಲೆಬಸ್ ನೋಡು, ಆಮೇಲೆ ಸಾಲದ ಲೆಕ್ಕ ಹಾಕು

ಪ್ರಶ್ನೆ: ಅಕ್ಕ, ನಮ್ದು ತೀರ್ಥಹಳ್ಳಿ ಹತ್ರ ಒಂದು ಹಳ್ಳಿ. ಶಿವಮೊಗ್ಗದಲ್ಲಿ ಕಂಪ್ಯೂಟರ್ ಸೈನ್ಸ್ ಬಿಇ ಮುಗ್ಸಿದೀನಿ, ಸಿಜಿಪಿಎ 7.6. ಬೆಂಗಳೂರಿನ ಒಬ್ರು ಏಜೆಂಟ್ ಮೂಲಕ ಅಮೆರಿಕದ ಒಂದು ಯೂನಿವರ್ಸಿಟಿಲಿ ಎಂಎಸ್ ಸೀಟು ಸಿಕ್ಕಿದೆ. ಎಲ್ಲಾ ಸೇರಿ 45 ಲಕ್ಷ ಆಗ್ತದಂತೆ, ಈ ಶುಕ್ರವಾರದೊಳಗೆ ಡೆಪಾಸಿಟ್ ಕಟ್ಟದಿದ್ರೆ ಸೀಟು ಹೋಗ್ತದೆ ಅಂತಿದಾರೆ. ನಂಗೆ ಮನಸ್ಸಲ್ಲಿ ಇರೋದು ಜರ್ಮನಿ, ಆದ್ರೆ ಅದು ಬೇಡ, ಭಾಷೆ ಕಷ್ಟ ಅಂತ ಏಜೆಂಟ್ ಹೇಳಿದ್ರು. ಅಪ್ಪಂಗೆ ಮೂರು ಎಕರೆ ಅಡಿಕೆ ತೋಟ. ಎಲೆಚುಕ್ಕಿ ರೋಗ ಬಂದು ಎರಡು ವರ್ಷದಿಂದ ಫಸಲು ಅರ್ಧಕ್ಕೆ ಇಳಿದಿದೆ, ಆದ್ರೂ ತೋಟ ಅಡ ಇಟ್ಟಾದ್ರೂ ಕಳಿಸ್ತೀನಿ ಅಂತಾರೆ. ಏನ್ಮಾಡ್ಲಿ?
– ಹೆಸರು ಬೇಡ, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ತಂಗಿ, ಶುಕ್ರವಾರ ದುಡ್ಡು ಕಟ್ಬೇಡ. ಮೊದ್ಲು ನಿನ್ನ ಅಡ್ಮಿಷನ್ ಲೆಟರ್ ತೆಗೆದು ಅದ್ರಲ್ಲಿ ಡೆಪಾಸಿಟ್‌ಗೆ ಯಾವ ತಾರೀಕು ಬರೆದಿದೆ ನೋಡು, ವಾಪಸ್ ಕೊಡ್ತಾರಾ ಇಲ್ವಾ ಅನ್ನೋದನ್ನೂ ಓದು, ಆಮೇಲೆ ಯೂನಿವರ್ಸಿಟಿ ಅಡ್ಮಿಷನ್ ಆಫೀಸಿಗೆ ನೀನೇ ಒಂದು ಇಮೇಲ್ ಹಾಕು. ನಾಲ್ಕು ಸಾಲು ಸಾಕು. ಶುಕ್ರವಾರ ಅನ್ನೋದು ಏಜೆಂಟ್ ಇಟ್ಟ ಗಡುವೋ ಯೂನಿವರ್ಸಿಟಿ ಇಟ್ಟದ್ದೋ ಅಂತ ಅಲ್ಲೇ ಗೊತ್ತಾಗ್ತದೆ. ಲೆಟರೇ ನಿನ್ನ ಕೈಗೆ ಬಂದಿಲ್ಲ, ಅಪ್ಲಿಕೇಶನ್ ಪೋರ್ಟಲ್ ಪಾಸ್‌ವರ್ಡ್ ಏಜೆಂಟ್ ಹತ್ರ ಇದೆ ಅಂತಾದ್ರೆ ಇವತ್ತೇ ಕೇಳಿ ಇಸ್ಕೋ, ಅದು ನಿನ್ನ ಅರ್ಜಿ.

ಏಜೆಂಟ್ ಜರ್ಮನಿ ಬೇಡ ಅಂದಿದ್ಯಾಕೆ ಅಂತ ಬಿಡಿಸಿ ಹೇಳ್ತೀನಿ. ಈ ಕನ್ಸಲ್ಟೆನ್ಸಿಯೋರು ನಮ್ಮ ಹತ್ರ ಫೀಸ್ ತಗಳಲ್ಲ, ಎಲ್ಲಾ ಫ್ರೀ ಅಂತಾರಲ್ಲ, ಅವ್ರಿಗೆ ದುಡ್ಡು ಬರೋದು ನಿನ್ನನ್ನ ಸೇರಿಸ್ಕೊಂಡ ಯೂನಿವರ್ಸಿಟಿಯಿಂದ, ಕಮಿಷನ್ ರೂಪದಲ್ಲಿ. ಜರ್ಮನಿಯ ಸರ್ಕಾರಿ ಯೂನಿವರ್ಸಿಟಿಗಳು ಸಾಮಾನ್ಯವಾಗಿ ಕಮಿಷನ್ ಕೊಡಲ್ಲ. ಎಲ್ಲಾ ಏಜೆಂಟರೂ ಮೋಸಗಾರರು ಅಂತ ನಾನು ಹೇಳಲ್ಲ, ವೀಸಾ ಪೇಪರ್ ಜೋಡಿಸೋದ್ರಲ್ಲಿ ಚೆನ್ನಾಗಿ ಸಹಾಯ ಮಾಡೋರೂ ಇದಾರೆ. ಆದ್ರೆ ಯಾವ ದೇಶ, ಯಾವ ಕೋರ್ಸ್ ಅನ್ನೋ ತೀರ್ಮಾನ ಮಾತ್ರ ಅವ್ರ ಕೈಗೆ ಕೊಡ್ಬೇಡ.

ಈಗ ಜರ್ಮನಿ ವಿಷಯ. ಸರ್ಕಾರಿ ಯೂನಿವರ್ಸಿಟಿಗಳಲ್ಲಿ ಹೆಚ್ಚಿನ ಕಡೆ ಟ್ಯೂಷನ್ ಫೀಸ್ ಇಲ್ಲ, ಸೆಮಿಸ್ಟರ್‌ಗೆ ಇಷ್ಟು ಅಂತ ನೂರಾರು ಯೂರೋ ಲೆಕ್ಕದ ಕಾಂಟ್ರಿಬ್ಯೂಷನ್ ಮಾತ್ರ. ಆದ್ರೆ ಎಲ್ಲಾ ಕಡೆ ಹಾಗೇ ಅಂತ ನಂಬ್ಕೊಂಡು ಕೂರ್ಬೇಡ. ಬಾಡೆನ್ ವುರ್ಟೆಂಬರ್ಗ್ ರಾಜ್ಯದಲ್ಲಿ 2017ರಿಂದ ನಮ್ಮಂಥ ಹೊರಗಿನೋರಿಗೆ ಸೆಮಿಸ್ಟರ್‌ಗೆ 1500 ಯೂರೋ ಇದೆ, ಮ್ಯೂನಿಕ್ ಟೆಕ್ನಿಕಲ್ ಯೂನಿವರ್ಸಿಟಿಯೋರು 2024ರ ಚಳಿಗಾಲದ ಸೆಮಿಸ್ಟರ್‌ನಿಂದ ಮಾಸ್ಟರ್ಸ್‌ಗೆ ಸೆಮಿಸ್ಟರ್‌ಗೆ 4000ದಿಂದ 6000 ಯೂರೋ ಮಾಡಿದಾರೆ. ಇನ್ನು ವೀಸಾಕ್ಕೆ ಮುಂಚೆ ಒಂದು ವರ್ಷದ ಖರ್ಚು 11,904 ಯೂರೋ ಬ್ಲಾಕ್ಡ್ ಅಕೌಂಟಲ್ಲಿ ಇಡ್ಬೇಕು, ಈಗಿನ ರೇಟಲ್ಲಿ ಹನ್ನೆರಡು ಲಕ್ಷ ಆಗೇ ಆಗ್ತದೆ. ಅದು ಎಲ್ಲೂ ಹೋಗಲ್ಲ, ಅಲ್ಲಿಗೆ ಹೋದ್ಮೇಲೆ ತಿಂಗಳಿಗೆ 992 ಯೂರೋ ಹಂಗೆ ನಿಂಗೇ ವಾಪಸ್ ಬರ್ತದೆ, ನಿನ್ನ ಬಾಡಿಗೆ ಊಟ ಎಲ್ಲಾ ಅದ್ರಲ್ಲೇ. ಈ ಮೊತ್ತ ಆಗಾಗ ಏರಿಸ್ತಾರೆ, ಅರ್ಜಿ ಹಾಕೋ ವರ್ಷ ಮತ್ತೊಂದ್ಸಲ ನೋಡ್ಕೋ.

ನಿಂಗೆ ನಿಜವಾದ ಕಷ್ಟ ಬರೋದು ಕ್ರೆಡಿಟ್ (ಒಂದೊಂದು ವಿಷಯ ಎಷ್ಟು ಓದಿದೀಯ ಅನ್ನೋ ಅಂಕೆ) ಲೆಕ್ಕದಲ್ಲಿ, ಇದನ್ನ ನಮ್ಮ ಕಡೆ ಮಕ್ಕಳಿಗೆ ಯಾರೂ ಮೊದ್ಲೇ ಹೇಳಲ್ಲ. ಅಲ್ಲಿಯೋರು ನಿನ್ನ ಬಿಇಲಿ ಮ್ಯಾಥ್ಸ್ ಎಷ್ಟು ಕ್ರೆಡಿಟ್, ಥಿಯರೆಟಿಕಲ್ ಕಂಪ್ಯೂಟರ್ ಸೈನ್ಸ್ ಎಷ್ಟು ಅಂತ ಒಂದೊಂದು ವಿಷಯ ತೆಗೆದು ನೋಡ್ತಾರೆ, ಕಮ್ಮಿ ಬಿದ್ರೆ ಒಳ್ಳೆ ಮಾರ್ಕ್ಸ್ ಇದ್ರೂ ರಿಜೆಕ್ಟ್. ಮಾರ್ಕ್ಸನ್ನೂ ಅವ್ರ ಸ್ಕೇಲಿಗೆ ಬದಲಾಯಿಸ್ತಾರೆ, ಅಲ್ಲಿ 1 ಅಂದ್ರೆ ಅತ್ಯುತ್ತಮ, 4 ಅಂದ್ರೆ ಪಾಸು. ಹತ್ತರಲ್ಲಿ ನಿನ್ನ 7.6 ಕಳೆದ್ರೆ 2.4, ಅದನ್ನ ಹತ್ತಕ್ಕೂ ನಿನ್ನ ಯೂನಿವರ್ಸಿಟಿ ಪಾಸ್ ಗ್ರೇಡಿಗೂ ಇರೋ ಅಂತರದಿಂದ ಭಾಗಿಸಿ ಮೂರರಿಂದ ಗುಣಿಸಿ ಒಂದು ಕೂಡ್ಸು. ಪಾಸು 4 ಅಂತ ಹಿಡಿದ್ರೆ 2.2 ಬರ್ತದೆ, 5 ಅಂತ ಹಿಡಿದ್ರೆ 2.44. ಎಷ್ಟೋ ಕೋರ್ಸ್‌ಗಳು 2.5ಕ್ಕೆ ಗೆರೆ ಹಾಕ್ತವೆ, ಹಾಗಾಗಿ ನೀನು ಒಳಗೇ ಇದೀಯ, ಆದ್ರೆ ಅಂಚಲ್ಲಿ ಇದೀಯ. ಪಾಸ್ ಗ್ರೇಡ್ ಎಷ್ಟು ಅಂತ ನಿನ್ನ ಯೂನಿವರ್ಸಿಟಿ ಕಾಗದದಲ್ಲೇ ಬರೋ ಹಾಗೆ ನೋಡ್ಕೋ.

ಡಿಎಎಡಿ ಅಂತ ಜರ್ಮನಿಯೋರದ್ದು ಒಂದು ಸಂಸ್ಥೆ ಇದೆ, ಅವ್ರ ವೆಬ್‌ಸೈಟಲ್ಲಿ ಇಂಗ್ಲಿಷ್ ಮೀಡಿಯಂ ಕೋರ್ಸ್‌ಗಳ ಪಟ್ಟಿ ಇದೆ. ಅದ್ರಲ್ಲಿ ಒಂದು ಹತ್ತು ಕೋರ್ಸ್ ಆರಿಸು, ಪ್ರತಿಯೊಂದರ ವಿಷಯಪಟ್ಟಿ ಪೂರ್ತಿ ಓದು. ರ‍್ಯಾಂಕಿಂಗ್ ನೋಡಿ ಆರಿಸ್ಬೇಡ ಅಂತ ನಾನು ಗಟ್ಟಿಯಾಗಿ ಹೇಳೋದು ಯಾಕಂದ್ರೆ ನಾನು ಹಾಗೇ ಮಾಡಿ ಹೋಗಿ ಮೊದಲನೇ ಸೆಮಿಸ್ಟರಲ್ಲೇ ಅತ್ತಿದೀನಿ, ದೊಡ್ಡ ಹೆಸರಿನ ಜಾಗ, ಆದ್ರೆ ನಂಗೆ ಬೇಕಾದ ವಿಷಯ ಕಲಿಸೋ ಪ್ರೊಫೆಸರ್ ಅಲ್ಲಿ ಇರಲೇ ಇಲ್ಲ, ಅದು ಕೋರ್ಸ್ ಪೇಜಲ್ಲಿ ಮೊದ್ಲೇ ಕಾಣ್ತಿತ್ತು, ನಾನು ತೆರೆದು ಓದಿರಲಿಲ್ಲ. ಭಾರತದೋರಿಗೆ 2022ರ ನವೆಂಬರ್‌ನಿಂದ ಎಪಿಎಸ್ ಸರ್ಟಿಫಿಕೇಟ್ (ನಿನ್ನ ಓದಿನ ದಾಖಲೆ ಅಸಲಿ ಅಂತ ಪರೀಕ್ಷಿಸಿ ಕೊಡೋ ಪತ್ರ) ಕಡ್ಡಾಯ, ಅದಕ್ಕೆ ವಾರಗಟ್ಟಲೆ ಹಿಡೀತದೆ, ಹಾಗಾಗಿ ಮೊದ್ಲು ಅದಕ್ಕೇ ಅರ್ಜಿ ಹಾಕು. ಭಾಷೆ ಕಷ್ಟ ಅನ್ನೋದು ಸುಳ್ಳಲ್ಲ. ಕ್ಲಾಸು ಇಂಗ್ಲಿಷಲ್ಲಿ ನಡೆದ್ರೂ ಪಾರ್ಟ್‌ಟೈಮ್ ಕೆಲಸಕ್ಕೆ, ಆಮೇಲೆ ನೌಕರಿಗೆ ಜರ್ಮನ್ ಕೇಳ್ತಾರೆ. ಈಗಿಂದ ದಿನಾ ಒಂದು ಗಂಟೆ ಕೂತ್ರೆ ಹೋಗೋ ಹೊತ್ತಿಗೆ ಎ2, ಅಂದ್ರೆ ಜರ್ಮನ್ ಕಲಿಕೆಯ ಎರಡನೇ ಹಂತ, ಮುಗೀತದೆ. ಓದು ಮುಗಿದ್ಮೇಲೆ ಕೆಲಸ ಹುಡುಕೋಕೆ 18 ತಿಂಗಳು ಕೊಡ್ತಾರೆ.

ಅಮೆರಿಕ ಕೆಟ್ಟದ್ದು ಅಂತಲ್ಲ. ಎಂಎಸ್ ಆದ್ಮೇಲೆ ಒಪಿಟಿ, ಅಂದ್ರೆ ಸ್ಟುಡೆಂಟ್ ವೀಸಾದಲ್ಲೇ ಕೆಲಸ ಮಾಡೋ ಅನುಮತಿ, 12 ತಿಂಗಳು, ನಿನ್ನಂಥ ಸ್ಟೆಮ್ (ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ) ಕೋರ್ಸ್ ಆದ್ರೆ ಇನ್ನೂ 24 ತಿಂಗಳು, ಒಟ್ಟು ಮೂರು ವರ್ಷ ಕೆಲಸ ಮಾಡ್ಬೋದು, ಸಂಬಳನೂ ಚೆನ್ನಾಗಿರ್ತದೆ. ಅದಾದ್ಮೇಲೆ ಎಚ್1ಬಿ ಅನ್ನೋ ಕೆಲಸದ ವೀಸಾ, ಅದಕ್ಕೆ ವರ್ಷಕ್ಕೆ 85,000 ಮಿತಿ, ಅರ್ಜಿ ಜಾಸ್ತಿ ಬಂದ್ರೆ ಲಾಟರಿ. ನಿನ್ನ ಮನೆ ಲೆಕ್ಕಕ್ಕೆ ಬರೋಣ. 45 ಲಕ್ಷ ಸಾಲಕ್ಕೆ ನೂರಕ್ಕೆ 11 ಬಡ್ಡಿ ಅಂತ ಹಿಡಿದ್ರೆ ತಿಂಗಳಿಗೆ ಬಡ್ಡಿನೇ 41 ಸಾವಿರ. ಎರಡೂವರೆ ವರ್ಷ ಏನೂ ಕಟ್ಟದೆ ಬಿಟ್ರೆ ಸರಳ ಬಡ್ಡಿ ಲೆಕ್ಕದಲ್ಲೂ 57 ಲಕ್ಷ ದಾಟ್ತದೆ, ಅದನ್ನ ಹತ್ತು ವರ್ಷದಲ್ಲಿ ತೀರಿಸೋಕೆ ತಿಂಗಳಿಗೆ ಸುಮಾರು 79 ಸಾವಿರ ಕಂತು. ಅಲ್ಲಿ ಕೆಲಸ ಸಿಕ್ಕಿದ್ರೆ ಇದು ದೊಡ್ಡದಲ್ಲ, ಸಿಗದೆ ವಾಪಸ್ ಬಂದು ಬೆಂಗಳೂರಲ್ಲಿ ಕೆಲಸಕ್ಕೆ ಸೇರಿದ್ರೆ ಈ ಕಂತು ಕಟ್ಟೋಕಾಗ್ತದಾ ಅಂತ ಕೂತು ಯೋಚ್ನೆ ಮಾಡು. ಅಪ್ಪನ ಹತ್ರನೂ ಈ ನಂಬರ್ ಇಟ್ಟೇ ಮಾತಾಡು. ರಾಶಿ ಅಡಿಕೆ ರೇಟು ಇಳಿದ ವರ್ಷ, ಕೊಳೆ ರೋಗ ಬಂದ ವರ್ಷ ಏನು ಅನ್ನೋದು ಅವ್ರಿಗೆ ನಮಗಿಂತ ಚೆನ್ನಾಗಿ ಗೊತ್ತು.

ಇನ್ನೊಂದು ವಿಷಯ, ತೋಟ ಅಡ ಇಡ್ತೀನಿ ಅಂತ ಅಪ್ಪ ಅಂದ್ರೂ ಎಜುಕೇಶನ್ ಲೋನಿಗೆ ಬ್ಯಾಂಕಿನೋರು ಸಾಮಾನ್ಯವಾಗಿ ಕೃಷಿ ಜಮೀನು ತಗಳಲ್ಲ, ಯಾಕಂದ್ರೆ ಸಾಲ ಕಟ್ಟದಿದ್ರೆ ಆಸ್ತಿ ವಶ ಮಾಡ್ಕೊಳೋ 2002ರ ಸರ್ಫೇಸಿ ಕಾಯ್ದೆ ಕೃಷಿ ಭೂಮಿಗೆ ಅನ್ವಯ ಆಗಲ್ಲ. ಅವ್ರು ಕೇಳೋದು ಕನ್ವರ್ಷನ್ ಆದ ಸೈಟು, ಮನೆ, ಎಫ್‌ಡಿ ಇಂಥದ್ದು. ನಮ್ಮ ಕಡೆ ಎಷ್ಟೋ ಮನೆ ಇರೋದೇ ತೋಟದ ಸರ್ವೆ ನಂಬರಲ್ಲಿ, ಅಲ್ಲೇ ಸಿಕ್ಕಿಬೀಳೋದು. ಹಾಗಂತ ತೋಟದ ಮೇಲೆ ಕೈಸಾಲ ಎತ್ತೋಕೆ ಅಪ್ಪ ಹೋಗ್ದೇ ಇರೋ ಹಾಗೆ ನೋಡ್ಕೋ, ದಯವಿಟ್ಟು. ವಿದ್ಯಾಲಕ್ಷ್ಮಿ ಪೋರ್ಟಲಲ್ಲಿ ಬೇರೆಬೇರೆ ಬ್ಯಾಂಕಿಗೆ ಅರ್ಜಿ ಹಾಕ್ಬೋದು, ಬ್ರಾಂಚಿಗೂ ಹೋಗಿ ಮ್ಯಾನೇಜರನ್ನ ಕಂಡು ಯಾವ ಪತ್ರ ಬೇಕು ಅಂತ ಬರೆಸ್ಕೊಂಡು ಬಾ.

ನಾನಾಗಿದ್ರೆ? ಈ ವರ್ಷ ಒಂದು ಕೆಲಸಕ್ಕೆ ಸೇರಿ, ಜರ್ಮನಿಯ ಐದಾರು ಕೋರ್ಸಿಗೆ ನನ್ನ ಕೈಯಾರೆ ಅರ್ಜಿ ಹಾಕ್ತಿದ್ದೆ, ಜೊತೆಗೆ ಅಮೆರಿಕದಲ್ಲಿ ಫೀಸ್ ಕಮ್ಮಿ ಇರೋ ಒಂದೆರಡು ಸರ್ಕಾರಿ ಯೂನಿವರ್ಸಿಟಿಗೂ. ಎಸ್‌ಒಪಿ, ಅಂದ್ರೆ ಈ ಕೋರ್ಸ್ ಯಾಕೆ ಓದ್ಬೇಕು ಅಂತ ಅರ್ಜಿ ಜೊತೆ ಬರೆಯೋ ಕಾಗದ, ಏಜೆಂಟ್ ಹತ್ರ ಬರೆಸ್ಬೇಡ. ಚಿಕ್ಕಂದಿಂದ ಕಂಪ್ಯೂಟರ್ ಅಂದ್ರೆ ಪ್ರೀತಿ ಅಂತ ಶುರುವಾಗೋ ಒಂದೇ ಥರದ ಕಾಗದ ಅಲ್ಲಿಯೋರು ದಿನಕ್ಕೆ ಎಷ್ಟು ಓದ್ತಾರೋ. ನಿಮ್ಮ ತೋಟದಲ್ಲಿ ಎಲೆಚುಕ್ಕಿ ಬಂದಾಗ ಔಷಧಿ ಯಾವಾಗ ಹೊಡೀಬೇಕು ಅಂತ ಅಪ್ಪಂಗೆ ಗೊತ್ತಾಗದೆ ಒದ್ದಾಡಿದ್ರಲ್ಲ, ಎಲೆ ಫೋಟೋ ನೋಡಿ ರೋಗ ಗುರುತು ಹಿಡಿಯೋ ಪ್ರೋಗ್ರಾಂ ಬರೀಬೇಕು ಅಂತ ನಿಂಗೆ ಒಂದು ಸಲನಾದ್ರೂ ಅನ್ಸಿದ್ರೆ, ಕೂತು ಸ್ವಲ್ಪ ಕೆಲಸ ಮಾಡಿ ನೋಡು, ಆಮೇಲೆ ಅದನ್ನೇ ಬರಿ. ಜಿಆರ್‌ಇ ಅನ್ನೋ ಪ್ರವೇಶ ಪರೀಕ್ಷೆ ಮನೇಲೇ ಕೂತು ಬರೀಬೋದು, ಆದ್ರೆ ಆಷಾಢದ ಮಳೇಲಿ ಮಾತ್ರ ಬೇಡ, ಕರೆಂಟು ನೆಟ್ಟು ಎರಡೂ ನಂಬೋಕಾಗಲ್ಲ, ಬೆಂಗಳೂರಿಗೇ ಹೋಗಿ ಸೆಂಟರಲ್ಲಿ ಬರಿ.

ಪ್ರಶ್ನೆ: ಶಂಕರಘಟ್ಟದ ಕಡೆಯೋನು, ಬಿಎಸ್ಸಿ ಮೂರನೇ ವರ್ಷ. ಮೂರು ವರ್ಷದ ಡಿಗ್ರಿಗೆ ಹೊರದೇಶದಲ್ಲಿ ಮಾಸ್ಟರ್ಸ್ ಕೊಡಲ್ಲ ಅಂತ ಫ್ರೆಂಡ್ಸ್ ಹೇಳ್ತಾರೆ, ನಿಜಾನಾ ಮೇಡಂ?

ಉತ್ತರ: ಅರ್ಧ ನಿಜ. ಬ್ರಿಟನ್, ಐರ್ಲೆಂಡಲ್ಲಿ ಅವ್ರದ್ದೇ ಡಿಗ್ರಿಗಳು ಮೂರು ವರ್ಷದ್ದಿವೆ, ಅಲ್ಲಿ ಇದು ಸಮಸ್ಯೆ ಆಗಲ್ಲ. ಅಮೆರಿಕದಲ್ಲಿ ಎಷ್ಟೋ ಕಡೆ 16 ವರ್ಷದ ಓದು (ಪಿಯುಸಿ ತನಕ 12, ಡಿಗ್ರಿ 4) ಕೇಳ್ತಾರೆ, ಕೆಲವು ಕಡೆ ಮೂರು ವರ್ಷದ್ದೂ ಒಪ್ತಾರೆ. ನಮ್ಮ ರಾಜ್ಯದಲ್ಲಿ 2024-25ರಿಂದ ನಾಲ್ಕು ವರ್ಷದ ಆನರ್ಸ್ ತೆಗೆದು ಮತ್ತೆ ಮೂರು ವರ್ಷಕ್ಕೆ ಬಂದಿರೋದ್ರಿಂದ ನಿನ್ನ ಹಿಂದೆ ಬರೋರಿಗೂ ಇದೇ ಪ್ರಶ್ನೆ ಇರ್ತದೆ. ಎಂಎಸ್ಸಿ ಮಾಡಿದ್ರೆ ಬಾಗಿಲು ಇನ್ನೂ ಜಾಸ್ತಿ ತೆರೀತವೆ, ಅದು ವ್ಯರ್ಥ ಅಂತ ಅಂದ್ಕೋಬೇಡ. ಎರಾಸ್ಮಸ್ ಮುಂಡಸ್ ಅನ್ನೋ ಯೂರೋಪಿಯನ್ ಯೂನಿಯನ್ನಿನ ಮಾಸ್ಟರ್ಸ್ ಯೋಜನೆ ನೋಡು, ಎರಡು ಮೂರು ದೇಶದಲ್ಲಿ ಓದಿಸ್ತಾರೆ, ಸ್ಕಾಲರ್‌ಶಿಪ್ ಸಿಕ್ಕಿದ್ರೆ ಫೀಸ್ ಇಲ್ಲ, ತಿಂಗಳಿಗೆ 1400 ಯೂರೋ ಅವ್ರೇ ಕೊಡ್ತಾರೆ. ಸ್ಪರ್ಧೆ ತುಂಬಾ ಇದೆ, ಆದ್ರೂ ಹಾಕು. ನೀನು ಎಸ್‌ಸಿ ಅಥವಾ ಎಸ್‌ಟಿ ಆಗಿದ್ರೆ ಸಮಾಜ ಕಲ್ಯಾಣ ಇಲಾಖೆಯ ಹೊರದೇಶದಲ್ಲಿ ಓದೋಕೆ ನೆರವು ಕೊಡೋ ಪ್ರಬುದ್ಧ ಯೋಜನೆ ಬಗ್ಗೆ ಶಿವಮೊಗ್ಗದ ಜಿಲ್ಲಾ ಕಚೇರಿಲೇ ವಿಚಾರಿಸು.

ಅಂದಹಾಗೆ ಪಾಸ್‌ಪೋರ್ಟ್ ಮಾಡ್ಸಿಲ್ಲ ಅಂದ್ರೆ ಹೆಸರಿನ ವಿಷಯ ಈಗ್ಲೇ ನೋಡ್ಕೋ. ನಮ್ಮ ಎಸ್‌ಎಸ್‌ಎಲ್‌ಸಿ ಕಾರ್ಡಲ್ಲಿ ಇನಿಶಿಯಲ್ ಇರ್ತದೆ, ಆಧಾರಲ್ಲಿ ಬೇರೆ, ಡಿಗ್ರೀಲಿ ಇನ್ನೊಂದು. ಪಾಸ್‌ಪೋರ್ಟಲ್ಲಿ ಒಂದೇ ಹೆಸರು ಇದ್ರೆ ಅಮೆರಿಕ ವೀಸಾದಲ್ಲಿ ಹೆಸರಿನ ಜಾಗದಲ್ಲಿ ಎಫ್‌ಎನ್‌ಯು (ಫಸ್ಟ್ ನೇಮ್ ಅನ್‌ನೋನ್, ಹೆಸರು ಗೊತ್ತಿಲ್ಲ) ಅಂತ ಬರ್ತದೆ, ಆಮೇಲೆ ಅಲ್ಲಿ ಬ್ಯಾಂಕು, ಲೈಸೆನ್ಸು ಎಲ್ಲಾ ಕಡೆ ಅದೇ ರಗಳೆ.

ಪ್ರಶ್ನೆ: ಮಗಳಿಗೆ ಜರ್ಮನಿಲಿ ಸೀಟು ಸಿಕ್ಕಿದೆ. ಒಬ್ಳೇ ಹೋಗ್ತಾಳೆ, ಗುರುತಿನೋರು ಯಾರೂ ಇಲ್ಲ. ಮನೆಯೋರು ಒಪ್ಪಿದಾರೆ, ನಂಗೇ ರಾತ್ರಿ ನಿದ್ದೆ ಬರಲ್ಲ.
– ಸಾಗರದ ಒಬ್ಬ ತಾಯಿ

ಉತ್ತರ: ಅಮ್ಮಾ, ನಮ್ಮಮ್ಮನೂ ಹೀಗೇ ಇದ್ರು, ನಂಗೆ ಗೊತ್ತಾಗ್ತದೆ. ಹೆದರಿಕೆ ಕಮ್ಮಿ ಆಗೋದು ಅವಳು ಮೊದಲನೇ ರಾತ್ರಿ ಎಲ್ಲಿ ಮಲಗ್ತಾಳೆ ಅಂತ ನಿಮಗೆ ಗೊತ್ತಿದ್ದಾಗ. ಹಾಗಾಗಿ ಮಗಳಿಗೆ ಹೇಳಿ, ಸೀಟು ಖಚಿತ ಆದ ದಿನಾನೇ ಅಲ್ಲಿಯ ಸ್ಟುಡೆಂಟ್ ಹಾಸ್ಟೆಲಿಗೆ ಅರ್ಜಿ ಹಾಕ್ಲಿ, ಅದಕ್ಕೆ ಕಾಯೋರ ಪಟ್ಟಿ ಉದ್ದ ಇರ್ತದೆ. ಫೋಟೋ ನೋಡಿ ಯಾರಿಗೂ ಅಡ್ವಾನ್ಸ್ ಕಳಿಸ್ಬೇಡಿ, ಇಲ್ಲದ ಮನೆ ತೋರಿಸಿ ದುಡ್ಡು ಹೊಡೆಯೋರು ಅಲ್ಲೂ ಇದಾರೆ. ಅದೇ ಯೂನಿವರ್ಸಿಟಿಲಿ ಓದ್ತಿರೋ ಭಾರತದ ಮಕ್ಕಳ ಗುಂಪು ಸಾಮಾನ್ಯವಾಗಿ ಇರ್ತದೆ, ಒಬ್ಬ ಹುಡುಗಿ ಹತ್ರ ನೀವೇ ವಿಡಿಯೋ ಕಾಲಲ್ಲಿ ಮಾತಾಡಿ, ಸಂಕೋಚ ಬೇಡ. ಚಳಿ ಬಟ್ಟೆ ಇಲ್ಲಿಂದ ರಾಶಿ ತುಂಬಿಸ್ಬೇಡಿ, ಅಲ್ಲಿಯ ಚಳಿಗೆ ಅಲ್ಲಿಯದ್ದೇ ಸರಿ. ಅಪ್ಪೆಮಿಡಿ ಉಪ್ಪಿನಕಾಯಿ ಬೇಕಾದ್ರೆ ಕಳಿಸಿ, ಚೆನ್ನಾಗಿ ಪ್ಯಾಕ್ ಮಾಡಿ ಚೆಕ್ ಇನ್ ಬ್ಯಾಗಲ್ಲಿ ಇಡಿ.

ಮತ್ತೆ ಲೋನಿಗೆ ನೀವೂ ಸಹಿ ಹಾಕೋದಿದ್ರೆ ಬ್ಯಾಂಕಿಗೆ ಮಗಳ ಜೊತೆ ನೀವೂ ಹೋಗಿ. ಬಡ್ಡಿ ಯಾವ ದಿನದಿಂದ ಶುರು, ಕಂತು ಯಾವ ತಿಂಗಳಿಂದ, ಓದೋ ಸಮಯದಲ್ಲಿ ಬಡ್ಡಿ ಮಾತ್ರ ಕಟ್ಕೊಂಡು ಹೋದ್ರೆ ಎಷ್ಟು ಉಳೀತದೆ, ಇಷ್ಟನ್ನೂ ಕೇಳಿ ಒಂದು ಚೀಟಿಲಿ ಬರ್ಕೊಂಡು ಬನ್ನಿ.