ಹೆಸರಿಗಿಂತ ಮೊದಲು ಜಾಗ ಹುಡುಕಿ: ಕಾಸರಗೋಡಿನಿಂದ

ನಿಮ್ಮ ಮುತ್ತಜ್ಜ ಬ್ರಿಟಿಷರ ಕಾಲದಲ್ಲಿ ಕುಂಬಳೆ ಕಡೆ ಗದ್ದೆ ಮಾಡಿಕೊಂಡಿದ್ದರು, ಹಳೆಯ ದಾಖಲೆಗಳಲ್ಲಿ ಅವರ ಜಾಡು ಹುಡುಕುವುದು ಹೇಗೆ ಅಂದಿರಿ. ಬರೀ ಹೆಸರು ಹಿಡಿದುಕೊಂಡು ಬಂದರೆ ಇಲ್ಲಿ ಕೆಲಸ ಆಗುವುದಿಲ್ಲ. ಅಜ್ಜನ ಹೆಸರನ್ನೇ ಮೊಮ್ಮಗನಿಗೆ ಇಡುವ ಕಡೆ ಇದು. ಮೊದಲು ಜಾಗ ಯಾವುದೆಂದು ತಿಳಿದುಕೊಳ್ಳಿ. ನಿಮ್ಮ ಹಿರಿಯರಲ್ಲಿ ನಾಗಬನ ಎಲ್ಲಿ, ತರವಾಡು (ಕುಟುಂಬದ ಮೂಲಮನೆ) ದೈವ ಯಾವುದು ಎಂದು ಕೇಳಿ. ಊರು ಬಿಟ್ಟು ಎಷ್ಟೋ ಕಾಲವಾದವರೂ ನಾಗನಿಗೆ, ದೈವಕ್ಕೆ ಸಲ್ಲಿಸುವ ತಂಬಿಲ ಸೇವೆಗೆ ಮೂಲಸ್ಥಾನಕ್ಕೇ ಬರುತ್ತಾರೆ. ಹಳೆಯ ಭೂಮಿಯ ಜಾಡು ಅಲ್ಲಿಂದಲೇ ಸಿಗುವುದು ಹೆಚ್ಚು.

ಆಮೇಲೆ ಸಬ್‌ರಿಜಿಸ್ಟ್ರಾರ್ ಕಚೇರಿ. ಸ್ಥಿರಾಸ್ತಿಯ ದಸ್ತಾವೇಜುಗಳ ನಕಲು 1ನೇ ಪುಸ್ತಕದಲ್ಲಿರುತ್ತದೆ, ಶುಲ್ಕ ಕಟ್ಟಿದರೆ ಯಾರು ಬೇಕಾದರೂ ನೋಡಬಹುದು. ಅದಕ್ಕೆ ಹೆಸರಿನ ಸೂಚಿ ಒಂದು, ಆಸ್ತಿಯ ಸೂಚಿ ಇನ್ನೊಂದು. ನೀವು ಎರಡನೆಯದರಿಂದ ಶುರು ಮಾಡಿ. ಯಾಕೆಂದರೆ ತೀರ್ವೆ (ಭೂಕಂದಾಯ) ಲೆಕ್ಕದಲ್ಲಿ ಇದ್ದದ್ದು ವರ್ಗದಾರರ, ಅಂದರೆ ತೀರ್ವೆ ಕಟ್ಟುವ ಭೂಮಾಲೀಕರ ಹೆಸರು, ಉಳುವವನದ್ದಲ್ಲ. ಮುತ್ತಜ್ಜ ಒಕ್ಕಲಾಗಿದ್ದರೆ (ಗೇಣಿಗೆ ಉಳುವವರಾಗಿದ್ದರೆ) ಧನಿಗಳ ವರ್ಗದ, ಅಂದರೆ ಅವರ ಹೆಸರಿನ ಹಿಡುವಳಿಯ ಅಡಿಯಲ್ಲೇ ಅವರನ್ನು ಹುಡುಕಬೇಕು.

ಅವರದ್ದು ಮೂಲಗೇಣಿಯಾಗಿದ್ದರೆ ನಿಮ್ಮ ಅದೃಷ್ಟ. ಅದು ಸಂತಾನ ಪರಂಪರೆಗೆ ನಡೆಯುವ ಹಕ್ಕು, ಗೇಣಿಯೂ ನಿಗದಿಯಾದದ್ದು. ಹಾಗಾಗಿ ಚೀಟು (ಗೇಣಿಯ ಕರಾರುಪತ್ರ) ಬರೆಸಿರುತ್ತಾರೆ. ಅಂಥ ಚೀಟಿನಲ್ಲಿ ಮೂಡು, ತೆಂಕು, ಪಡು, ಬಡಗಿನ ಗಡಿ, ಹಲಸು ಮಾವಿನ ಮರ, ಕೊಡಬೇಕಾದ ಅಕ್ಕಿಯ ಮುಡಿ ಎಲ್ಲ ಇರುತ್ತದೆ. ಪಕ್ಕದ ಜಾಗ ಯಾರದೆಂದೂ ಬರೆದಿರುವುದರಿಂದ ನೆರೆಮನೆಯವರ ಮೂಲಕವೂ ಹುಡುಕಾಟ ಮುಂದುವರಿಯುತ್ತದೆ. ಚಾಲಗೇಣಿಯಾದರೆ ಅದು ವರ್ಷ ವರ್ಷದ ಮಾತು, ಎಷ್ಟೋ ಸಲ ಕಾಗದವೇ ಇಲ್ಲ. ಮೈಮುರಿದು ದುಡಿದವರು ಹೀಗೆ ದಾಖಲೆಯಿಂದಲೇ ಬಿಟ್ಟುಹೋದದ್ದು ನನಗೆ ಇವತ್ತಿಗೂ ಸಂಕಟದ ವಿಷಯ.

ಆದರೂ ಒಂದು ದಾರಿಯಿದೆ. 1970ರ ಜನವರಿ 1ರಿಂದ ಕೇರಳದಲ್ಲಿ ಭೂಮಾಲೀಕರ ಹಕ್ಕು ಸರಕಾರಕ್ಕೆ ಸೇರಿ, ಒಕ್ಕಲುಗಳು ಲ್ಯಾಂಡ್ ಟ್ರಿಬ್ಯೂನಲಿನಿಂದ ಪಟ್ಟಯ (ಒಡೆತನದ ಹಕ್ಕುಪತ್ರ) ಪಡೆದರು. ಆ ಕಡತದಲ್ಲಿ ಭೂಮಿ ಯಾರ ಕೈಯಿಂದ ಯಾರಿಗೆ ಬಂತೆಂಬ ಹೇಳಿಕೆ ಸಿಗಬಹುದು. ಗಡಿಯಾಚೆ ಕರ್ನಾಟಕದ ಪುತ್ತೂರು, ಬಂಟ್ವಾಳ ಕಡೆಯಾದರೆ 1974ರ ನಂತರ ಒಕ್ಕಲುಗಳು ಹಕ್ಕು ಕೇಳಿ ಕೊಟ್ಟ ಡಿಕ್ಲರೇಶನಿನ ಕಡತ ನೋಡಬೇಕು.

ನಿಮ್ಮದು ಅಳಿಯಕಟ್ಟಿನ (ತಾಯಿಯ ಕಡೆಯಿಂದ ವಾರಸು ನಡೆಯುವ) ಕುಟುಂಬವೋ ಮಕ್ಕಳಕಟ್ಟಿನದೋ (ತಂದೆಯಿಂದ ಮಕ್ಕಳಿಗೆ ನಡೆಯುವುದೋ) ಎಂದು ಮೊದಲೇ ವಿಚಾರಿಸಿ. ಅಳಿಯಕಟ್ಟಾದರೆ ಮುತ್ತಜ್ಜನ ಮಗನನ್ನು ಹುಡುಕಿ ಪ್ರಯೋಜನವಿಲ್ಲ. ತರವಾಡಿನ ಯಜಮಾನಿಕೆ ಅವರ ತಮ್ಮನಿಗೋ ಅಕ್ಕತಂಗಿಯರ ಮಕ್ಕಳಿಗೋ ಹೋಗಿರುತ್ತದೆ.

ಇನ್ನೊಂದು ಮಾತು. 1956ರ ನವೆಂಬರ್ 1ರವರೆಗೆ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕು, ಆ ಕಾಲದ ಚೀಟು, ದಸ್ತಾವೇಜು ಬಹುಪಾಲು ಕನ್ನಡದಲ್ಲೇ. ಈಗ ಕಚೇರಿಯ ವ್ಯವಹಾರ ಮಲಯಾಳದ್ದು. ಹಳೆಯ ಕೈಬರಹ ಓದಬಲ್ಲ ಹಿರಿಯ ದಸ್ತಾವೇಜು ಬರಹಗಾರರನ್ನು ಜತೆಗೆ ಕರೆದುಕೊಂಡು ಹೋಗಿ, ಅಂಥವರು ಕಡಿಮೆಯಾಗುತ್ತಿದ್ದಾರೆ. ಪತ್ತನಾಜೆಗೆ (ವರ್ಷದ ಕೋಲಗಳು ಮುಗಿಯುವ ದಿನಕ್ಕೆ) ಮೊದಲು, ದೈವಗಳ ಕೋಲ ತಂಬಿಲಗಳ ಸಮಯದಲ್ಲಿ ಬನ್ನಿ. ಕುಟುಂಬದವರೆಲ್ಲ ತರವಾಡಿನಲ್ಲಿ ಸೇರಿರುತ್ತಾರೆ, ಕಚೇರಿಗೆ ಹೋಗುವ ಮೊದಲೇ ಅರ್ಧ ವಂಶಾವಳಿ ಅಲ್ಲಿ ಬರೆದುಕೊಳ್ಳಬಹುದು.